ಗಡಿಯಾಚೆ ಬಿದ್ದ ಬಾಂಬ್, ಗಡಿಯೀಚೆಯ ಮಕ್ಕಳು

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದೇನೆ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ‘ಉಗ್ರರನ್ನು ಹುಡುಕಿಕೊಂಡು ಪಕ್ಕದ ದೇಶದೊಳಗೆ ಹೋಗಿ ಹೊಡೆಯುವುದು ಸರಿಯೇ?’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಪಾಕಿಸ್ತಾನ ಅಫ್ಘಾನಿಸ್ತಾನದ ಮೇಲೆ ಮಾಡಿದ ದಾಳಿಗಳ ಉದಾಹರಣೆ ತೆಗೆದುಕೊಂಡಿದ್ದೇನೆ. ಸತ್ತವರೆಲ್ಲ ಉಗ್ರರು ಎಂದು ಪಾಕಿಸ್ತಾನ ಹೇಳುತ್ತದೆ. ಹೆಂಗಸರು, ಮಕ್ಕಳು ಸತ್ತರು ಎಂದು ಕಾಬೂಲ್ ಹೇಳುತ್ತದೆ. ಯಾರನ್ನು ನಂಬಬೇಕು? ಕಾನೂನು ಏನು ಹೇಳುತ್ತದೆ? ಇಂಥ ದಾಳಿಗಳಿಂದ ಉಗ್ರರ ಹಾವಳಿ ಕಡಿಮೆಯಾಗುತ್ತದೆಯೇ?

ಉತ್ತರ: ಯಾರನ್ನು ನಂಬಬೇಕು ಅನ್ನುವ ಪ್ರಶ್ನೆಯಿಂದ ಶುರು ಮಾಡಬೇಡಿ. ಬಾಂಬ್ ಎಲ್ಲಿ ಬಿತ್ತು ಅನ್ನುವುದರಿಂದ ಶುರು ಮಾಡಿ. ಅಫ್ಘಾನಿಸ್ತಾನದ ನಕ್ಷೆ ತೆಗೆದು ಆಗ್ನೇಯ ಮೂಲೆಗೆ ಬನ್ನಿ. ಅಲ್ಲಿ ಖೋಸ್ತ್, ಪಕ್ತಿಕಾ ಎಂಬ ಎರಡು ಪ್ರಾಂತಗಳಿವೆ. ಖೋಸ್ತ್‌ನಲ್ಲಿ ಸ್ಪೆರಾ ಮತ್ತು ಗುರ್ಬುಜ್, ಪಕ್ತಿಕಾದಲ್ಲಿ ಬರ್ಮಲ್ ಎಂಬ ಜಿಲ್ಲೆಗಳಿವೆ. 2022ರಿಂದ 2025ರವರೆಗಿನ ದಾಳಿಗಳ ಸುದ್ದಿ ಓದಿದರೆ ಈ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಗಡಿಯ ಆಚೆ ಬದಿಯಲ್ಲಿ, ಅಂದರೆ ಪಾಕಿಸ್ತಾನದ ಕಡೆ, ವಜೀರಿಸ್ತಾನ. ಎರಡೂ ಕಡೆ ಅದೇ ಪಶ್ತೋ ಭಾಷೆ, ಅದೇ ಬುಡಕಟ್ಟುಗಳು, ಎಷ್ಟೋ ಕಡೆ ಅದೇ ಮನೆತನಗಳು.

ಈ ಗಡಿಗೆ ಡ್ಯುರಾಂಡ್ ರೇಖೆ ಎಂದು ಹೆಸರು. 1893ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಟಿಮರ್ ಡ್ಯುರಾಂಡ್ ಮತ್ತು ಅಮೀರ್ ಅಬ್ದುರ್ ರಹಮಾನ್ ನಡುವಿನ ಒಪ್ಪಂದದಲ್ಲಿ ಹುಟ್ಟಿದ್ದು. ಉದ್ದ ಸುಮಾರು 2,600 ಕಿಲೋಮೀಟರ್. 1947ರಲ್ಲಿ ಪಾಕಿಸ್ತಾನ ಹುಟ್ಟಿದ ಮೇಲೆ ಇದನ್ನು ಅಂತರರಾಷ್ಟ್ರೀಯ ಗಡಿ ಎಂದು ಕಾಬೂಲ್‌ನಲ್ಲಿ ಆಳಿದ ಯಾವ ಸರ್ಕಾರವೂ ಮನಸಾರೆ ಒಪ್ಪಿಲ್ಲ. ರಾಜರು ಒಪ್ಪಲಿಲ್ಲ, ಕಮ್ಯುನಿಸ್ಟರು ಒಪ್ಪಲಿಲ್ಲ, ತಾಲಿಬಾನ್ ಕೂಡ ಒಪ್ಪಿಲ್ಲ. ಪಾಕಿಸ್ತಾನ 2017ರಿಂದ ಇದರುದ್ದಕ್ಕೂ ಬೇಲಿ ಹಾಕುತ್ತಾ ಬಂತು.

ಈಗ 2014ಕ್ಕೆ ಹೋಗೋಣ. ಆ ವರ್ಷ ಜೂನ್‌ನಲ್ಲಿ ಪಾಕಿಸ್ತಾನ ಸೇನೆ ಉತ್ತರ ವಜೀರಿಸ್ತಾನದಲ್ಲಿ ‘ಜರ್ಬ್-ಎ-ಅಜ್ಬ್’ ಎಂಬ ದೊಡ್ಡ ಕಾರ್ಯಾಚರಣೆ ಶುರು ಮಾಡಿತು. ಹಳ್ಳಿಗಳು ಖಾಲಿಯಾದವು. ಲಕ್ಷಾಂತರ ಜನ ಪಾಕಿಸ್ತಾನದೊಳಗಿನ ಬನ್ನು ಕಡೆಗೆ ಹೋದರು. ಇನ್ನೂ ಸಾವಿರಾರು ಕುಟುಂಬಗಳು ಹತ್ತಿರದ ದಾರಿ ಹಿಡಿದು ಗಡಿ ದಾಟಿ ಖೋಸ್ತ್ ಮತ್ತು ಪಕ್ತಿಕಾಗೆ ಬಂದವು. ಗುರ್ಬುಜ್‌ನಲ್ಲಿ ಗುಲಾನ್ ಎಂಬ ನಿರಾಶ್ರಿತರ ಶಿಬಿರವೇ ಎದ್ದಿತು. ಎಷ್ಟೋ ಮಂದಿ ವಾಪಸ್ ಹೋಗಲೇ ಇಲ್ಲ. ಮಣ್ಣಿನ ಗೋಡೆ ಎಬ್ಬಿಸಿ ಅಲ್ಲೇ ಮನೆ ಮಾಡಿಕೊಂಡರು. ಅದೇ ಕಾರ್ಯಾಚರಣೆಯಿಂದ ತಪ್ಪಿಸಿಕೊಂಡ ಉಗ್ರರೂ ಅದೇ ದಾರಿಯಲ್ಲಿ ಬಂದರು. ಅವರೂ ಅದೇ ಜಾಗಗಳಲ್ಲಿ ಉಳಿದರು. ಕೆಲವರು ಹೆಂಡತಿ ಮಕ್ಕಳ ಸಮೇತ ಬಂದಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಅಡಗಿದೆ ಎಂದು ನನಗನಿಸುತ್ತದೆ. ಉಗ್ರನೂ ನಿರಾಶ್ರಿತನೂ ಒಂದೇ ಊರಿನಲ್ಲಿದ್ದಾರೆ. ಒಮ್ಮೊಮ್ಮೆ ಅಕ್ಕಪಕ್ಕದ ಮನೆಯಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ. ರಾತ್ರಿ ವಿಮಾನ ಬಂದು ಆ ಮನೆಗೆ ಹೊಡೆದರೆ ‘ಉಗ್ರನ ಮನೆ’ ಎಂದವರೂ, ‘ಮಕ್ಕಳು ಸತ್ತರು’ ಎಂದವರೂ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಪ್ರತಿ ಸಲವೂ ಹಾಗೇ ಎಂದಲ್ಲ. ಆದರೆ ಒಬ್ಬರು ನಿಜ ಹೇಳಿದರೆ ಇನ್ನೊಬ್ಬರು ಸುಳ್ಳು ಹೇಳಲೇಬೇಕು ಅಂದುಕೊಂಡು ಓದಿದರೆ ದಾರಿ ತಪ್ಪುತ್ತೀರಿ.

2024ರ ಡಿಸೆಂಬರ್ ಅನ್ನೇ ನೋಡಿ. 21ರಂದು ದಕ್ಷಿಣ ವಜೀರಿಸ್ತಾನದ ಮಕೀನ್‌ನಲ್ಲಿ ಸೇನಾ ಠಾಣೆಯ ಮೇಲೆ ದಾಳಿಯಾಯಿತು. 16 ಸೈನಿಕರು ಸತ್ತರು. ಹೊಣೆ ಹೊತ್ತಿದ್ದು ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್, ಅಂದರೆ ಟಿಟಿಪಿ. ಪಾಕಿಸ್ತಾನ ಸರ್ಕಾರದ ವಿರುದ್ಧ ಹೋರಾಡುವ ಈ ಸಂಘಟನೆ ಕಾಬೂಲ್ ಆಳುವ ಅಫ್ಘಾನ್ ತಾಲಿಬಾನ್‌ಗಿಂತ ಬೇರೆ. ಮೂರು ದಿನ ಕಳೆದು, 24ರ ರಾತ್ರಿ, ಪಾಕಿಸ್ತಾನದ ವಿಮಾನಗಳು ಬರ್ಮಲ್‌ನಲ್ಲಿ ಹಲವು ಕಡೆ ಬಾಂಬ್ ಹಾಕಿದವು. ಟಿಟಿಪಿ ತಾಣಗಳಿಗೆ ಹೊಡೆದೆವು ಎಂದು ಪಾಕಿಸ್ತಾನದ ಅಧಿಕಾರಿಗಳು ಹೇಳಿದರು. 46 ಜನ ಸತ್ತರು, ಹೆಚ್ಚಿನವರು ಹೆಂಗಸರು ಮಕ್ಕಳು ಎಂದು ತಾಲಿಬಾನ್ ಸರ್ಕಾರ ಹೇಳಿತು. ಹತ್ತಾರು ನಾಗರಿಕರು ಸತ್ತಿರುವ ಬಗ್ಗೆ ನಂಬಬಹುದಾದ ವರದಿಗಳಿವೆ ಎಂದು ವಿಶ್ವಸಂಸ್ಥೆಯ ಅಫ್ಘಾನ್ ಕಚೇರಿಯೂ ಹೇಳಿತು. ಸತ್ತವರಲ್ಲಿ ಬಹುಪಾಲು ವಜೀರಿಸ್ತಾನದ ನಿರಾಶ್ರಿತರು ಎಂದು ಅಫ್ಘಾನ್ ರಕ್ಷಣಾ ಸಚಿವಾಲಯವೇ ಹೇಳಿತು. ಈ ಕೊನೆಯ ಮಾತು ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಜನರ ಕಣ್ಣಿಗೆ ಬಿತ್ತೋ. ವಜೀರಿಸ್ತಾನ ಅಂದರೆ ಪಾಕಿಸ್ತಾನ. ಆ ಮಾತು ನಿಜವಾದರೆ, ಗಡಿ ದಾಟಿ ಹೋದ ಬಾಂಬ್ ಬಿದ್ದಿದ್ದು ಪಾಕಿಸ್ತಾನದ್ದೇ ಜನರ ಮೇಲೆ. ಹತ್ತು ವರ್ಷದ ಹಿಂದೆ ಅದೇ ಸೇನೆಯ ಕಾರ್ಯಾಚರಣೆಗೆ ಹೆದರಿ ಓಡಿ ಬಂದವರ ಮೇಲೆ.

ಇದು ಅಲ್ಲೊಂದೇ ಕಡೆ ಆದದ್ದಲ್ಲ. 2024ರ ಜನವರಿ 16ರಂದು ಇರಾನ್ ಪಾಕಿಸ್ತಾನದ ಬಲೂಚಿಸ್ತಾನದೊಳಗೆ ಕ್ಷಿಪಣಿ, ಡ್ರೋನ್ ಹಾರಿಸಿತು. ಇರಾನ್ ವಿರುದ್ಧ ಹೋರಾಡುವ ಜೈಶ್ ಅಲ್-ಅದ್ಲ್ ಎಂಬ ಗುಂಪಿಗೆ ಹೊಡೆದೆವು ಎಂದಿತು. ಇಬ್ಬರು ಮಕ್ಕಳು ಸತ್ತರು ಎಂದು ಪಾಕಿಸ್ತಾನ ಹೇಳಿತು. 18ರಂದು ಪಾಕಿಸ್ತಾನ ತಿರುಗಿ ಇರಾನಿನ ಸರವಾನ್ ಬಳಿ ಹೊಡೆಯಿತು. ಬಲೂಚ್ ಉಗ್ರರಿಗೆ ಹೊಡೆದೆವು ಎಂದಿತು. ಅಲ್ಲಿ ಒಂಬತ್ತು ಜನ ಸತ್ತರು, ಅವರಲ್ಲಿ ಹೆಂಗಸರು ಮಕ್ಕಳೂ ಇದ್ದರು, ಯಾರೂ ಇರಾನಿನ ಪ್ರಜೆಗಳಲ್ಲ ಎಂದು ಇರಾನ್ ಹೇಳಿತು. ಇನ್ನೊಂದು ಉದಾಹರಣೆ ಟರ್ಕಿಯದು. 2011ರ ಡಿಸೆಂಬರ್ 28ರ ರಾತ್ರಿ ಟರ್ಕಿಯ ಎಫ್-16 ವಿಮಾನಗಳು ಇರಾಕ್ ಗಡಿಯಲ್ಲಿ ಒಂದು ಗುಂಪಿನ ಮೇಲೆ ಬಾಂಬ್ ಹಾಕಿದವು. ಕುರ್ದ್ ಉಗ್ರರು ಗಡಿ ದಾಟುತ್ತಿದ್ದಾರೆ ಎಂದುಕೊಂಡಿದ್ದರು. ಸತ್ತ 34 ಜನ ಟರ್ಕಿಯದೇ ಹಳ್ಳಿಗರು. ಹೇಸರಗತ್ತೆಗಳ ಮೇಲೆ ಡೀಸೆಲ್, ಸಿಗರೇಟು ಕದ್ದು ತರುತ್ತಿದ್ದವರು. ಅರ್ಧಕ್ಕರ್ಧ ಹುಡುಗರು. ರೊಬೊಸ್ಕಿ ಎಂಬ ಆ ಹಳ್ಳಿಯ ತಾಯಂದಿರು ವರ್ಷಗಟ್ಟಲೆ ನ್ಯಾಯ ಕೇಳಿದರು. ಸೇನೆಯ ವಕೀಲರು 2014ರಲ್ಲಿ ಪ್ರಕರಣ ಕೈಬಿಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಗಡಿಯಲ್ಲಿ ಬದುಕುವವರಿಗೆ ಎರಡೂ ಕಡೆ ನೆಂಟರು. ಎರಡೂ ಕಡೆ ಹೊಟ್ಟೆಪಾಡು. ಸತ್ತಾಗ ಮಾತ್ರ ಎರಡೂ ದೇಶದವರು ‘ಇವರು ನಮ್ಮವರು’ ಎಂದು ಮುಂದೆ ಬರುವುದಿಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ.

ಹಾಗೆಂದು ಪಾಕಿಸ್ತಾನಕ್ಕೆ ದೂರು ಹೇಳಲು ಕಾರಣವೇ ಇಲ್ಲ ಎಂದು ಬರೆಯಬೇಡಿ. ಅದು ತಪ್ಪಾಗುತ್ತದೆ. ಟಿಟಿಪಿ ಹುಟ್ಟಿದ್ದು 2007ರ ಡಿಸೆಂಬರ್‌ನಲ್ಲಿ, ಬೈತುಲ್ಲಾ ಮೆಹ್ಸೂದ್ ಕೈಯಲ್ಲಿ. 2014ರ ಡಿಸೆಂಬರ್ 16ರಂದು ಇದರ ಬಂದೂಕುಧಾರಿಗಳು ಪೇಶಾವರದ ಆರ್ಮಿ ಪಬ್ಲಿಕ್ ಸ್ಕೂಲಿಗೆ ನುಗ್ಗಿ 130ಕ್ಕೂ ಜಾಸ್ತಿ ಮಕ್ಕಳನ್ನು ಕೊಂದರು. ತರಗತಿಯಲ್ಲಿ, ಸಭಾಂಗಣದಲ್ಲಿ, ಬೆಂಚಿನ ಕೆಳಗೆ ಅಡಗಿದ್ದ ಮಕ್ಕಳನ್ನು. ಆ ತಂದೆ ತಾಯಿಗಳ ಮುಂದೆ ನಿಂತು ‘ಸುಮ್ಮನಿರಿ’ ಎಂದು ಯಾರು ಹೇಳಲು ಸಾಧ್ಯ? 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಬಂದ ಮೇಲೆ ಟಿಟಿಪಿಗೆ ಹೊಸ ಬಲ ಬಂತು. 2022ರ ನವೆಂಬರ್‌ನಲ್ಲಿ ಅದು ಕದನ ವಿರಾಮ ಮುರಿಯಿತು. 2023ರ ಜನವರಿ 30ರಂದು ಪೇಶಾವರದ ಪೊಲೀಸ್ ವಸತಿಯ ಮಸೀದಿಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಬಾಂಬ್ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಟಿಟಿಪಿಯ ಸುಮಾರು 6,000ದಿಂದ 6,500 ಜನ ಅಫ್ಘಾನಿಸ್ತಾನದಲ್ಲಿದ್ದಾರೆ ಎಂದು ವಿಶ್ವಸಂಸ್ಥೆಯ ನಿಗಾ ತಂಡ 2024ರಲ್ಲಿ ಅಂದಾಜು ಮಾಡಿತು. ‘ಅದು ಪಾಕಿಸ್ತಾನದ ಮನೆಯೊಳಗಿನ ಸಮಸ್ಯೆ’ ಎಂಬ ಕಾಬೂಲ್‌ನ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಕಾಬೂಲ್ ಅವರನ್ನು ಯಾಕೆ ಹೊರಗೆ ಹಾಕುವುದಿಲ್ಲ? ಈ ಭಾಗ ನಿಮ್ಮ ಚರ್ಚೆಗೆ ತುಂಬಾ ಮುಖ್ಯ. ಅಮೆರಿಕದ ವಿರುದ್ಧದ ಇಪ್ಪತ್ತು ವರ್ಷದ ಯುದ್ಧದಲ್ಲಿ ಅಫ್ಘಾನ್ ತಾಲಿಬಾನ್ ಮತ್ತು ಟಿಟಿಪಿ ಭುಜಕ್ಕೆ ಭುಜ ಕೊಟ್ಟವು. ಅಫ್ಘಾನ್ ತಾಲಿಬಾನ್‌ಗೆ ವಜೀರಿಸ್ತಾನದಲ್ಲಿ ಅನ್ನ ಹಾಕಿದವರು, ಜಾಗ ಕೊಟ್ಟವರು, ಹುಡುಗರನ್ನು ಕಳಿಸಿದವರು ಇದೇ ಜನ. ಆಶ್ರಯ ಕೇಳಿ ಬಂದವನನ್ನು ಹಿಡಿದುಕೊಡುವುದು ಪಶ್ತೂನರಲ್ಲಿ ಮಾನ ಹೋಗುವ ಕೆಲಸ. ಜೊತೆಗೆ ಒಂದು ಭಯವೂ ಇದೆ. ಒತ್ತಿದರೆ ಇವರು ಹೋಗಿ ಐಸಿಸ್‌ನ ಖುರಾಸಾನ್ ಶಾಖೆ ಸೇರುತ್ತಾರೆ, ಆಗ ಬಂದೂಕು ತಮ್ಮ ಕಡೆಗೇ ತಿರುಗುತ್ತದೆ ಎಂಬ ಭಯ. 2021–22ರಲ್ಲಿ ತಾಲಿಬಾನ್ ಸರ್ಕಾರದ ಒಳಾಡಳಿತ ಸಚಿವ ಸಿರಾಜುದ್ದೀನ್ ಹಕ್ಕಾನಿ ಮಧ್ಯಸ್ಥಿಕೆಯಲ್ಲಿ ಪಾಕಿಸ್ತಾನ ಮತ್ತು ಟಿಟಿಪಿ ಮಾತುಕತೆ ನಡೆಸಿದ್ದವು. 2018ರಲ್ಲಿ ಬುಡಕಟ್ಟು ಪ್ರದೇಶಗಳನ್ನು ಖೈಬರ್ ಪಖ್ತೂನ್‌ಖ್ವಾ ಪ್ರಾಂತಕ್ಕೆ ಸೇರಿಸಿದ್ದನ್ನು ರದ್ದು ಮಾಡಿ ಎಂದು ಟಿಟಿಪಿ ಪಟ್ಟು ಹಿಡಿಯಿತು. ಅಲ್ಲಿಗೆ ಮಾತು ನಿಂತಿತು. ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಅಫ್ಘಾನ್ ತಾಲಿಬಾನ್ ನಾಯಕರು ಅದೇ ಇಪ್ಪತ್ತು ವರ್ಷ ಪಾಕಿಸ್ತಾನದ ಕ್ವೆಟ್ಟಾ ಮೊದಲಾದ ಕಡೆ ನೆಲೆ ನಿಂತಿದ್ದರು. ಪಕ್ಕದ ಮನೆಗೆ ಹೊಡೆಯುವವರಿಗೆ ನಮ್ಮ ಜಗಲಿಯಲ್ಲಿ ಜಾಗ ಕೊಡುವ ಪಾಠ ಅಲ್ಲಿಂದಲೇ ಶುರುವಾದದ್ದು.

ಇನ್ನು ಸಂಖ್ಯೆಗಳು. 2025ರ ಅಕ್ಟೋಬರ್ ಮಧ್ಯದ ಒಂದು ವಾರ ತೆಗೆದುಕೊಳ್ಳಿ. 9ರ ರಾತ್ರಿ ಕಾಬೂಲ್‌ನಲ್ಲಿ ಸ್ಫೋಟಗಳಾದವು. ಪಾಕಿಸ್ತಾನವೇ ಮಾಡಿದ್ದು ಎಂದು ತಾಲಿಬಾನ್ ಹೇಳಿತು. 11ರ ರಾತ್ರಿ ಗಡಿಯುದ್ದಕ್ಕೂ ಗುಂಡಿನ ಕಾಳಗ. ಪಾಕಿಸ್ತಾನ ಸೇನೆ ಕೊಟ್ಟ ಲೆಕ್ಕ: ನಮ್ಮವರು 23 ಸತ್ತರು, ಆ ಕಡೆ 200ಕ್ಕೂ ಹೆಚ್ಚು. ತಾಲಿಬಾನ್ ಕೊಟ್ಟ ಲೆಕ್ಕ: ಪಾಕಿಸ್ತಾನದ 58 ಸೈನಿಕರು ಸತ್ತರು, ನಮ್ಮವರು ಒಂಬತ್ತು. ಒಂದೇ ರಾತ್ರಿ, ಒಂದೇ ಗಡಿ, ಎರಡು ಲೆಕ್ಕ. ಸೇನೆಗಳು ಕೊಡುವ ಇಂಥ ಸಂಖ್ಯೆಗಳನ್ನು ನಾನು ಪಾಠದಲ್ಲಿ ಎಂದೂ ಹಾಗೇ ಬಳಸಿಲ್ಲ. ಅವು ತಮ್ಮ ಜನರ ಮುಂದೆ ತಲೆ ಎತ್ತಿ ನಿಲ್ಲಲು ಕೊಡುವ ಸಂಖ್ಯೆಗಳು.

ವಿಶ್ವಸಂಸ್ಥೆಯ ಅಫ್ಘಾನ್ ಕಚೇರಿ ಬೇರೆ ರೀತಿ ಎಣಿಸುತ್ತದೆ. ಅವರು ನಾಗರಿಕರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ಸಾವನ್ನು ಖಚಿತ ಎಂದು ಬರೆಯಲು ಕನಿಷ್ಠ ಮೂರು ಬೇರೆ ಬೇರೆ ಬಗೆಯ ಮೂಲಗಳು ಬೇಕು. ಗಾಯಗೊಂಡವರು ಅಥವಾ ಮನೆಯವರು, ಕಣ್ಣಾರೆ ಕಂಡವರು, ಆಸ್ಪತ್ರೆಯವರು, ಊರಿನ ಹಿರಿಯರು, ಹೀಗೆ. ಹಾಗಾಗಿ ಅವರ ಸಂಖ್ಯೆ ತಡವಾಗಿ ಬರುತ್ತದೆ, ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಅದರ ಮುಂದೆ ‘ಕನಿಷ್ಠ’ ಎಂಬ ಮಾತು ಇರುತ್ತದೆ. ಆ ವಾರದ ಅವರ ಪ್ರಾಥಮಿಕ ಲೆಕ್ಕ: ಕನಿಷ್ಠ 37 ಸಾವು, 425 ಜನರಿಗೆ ಗಾಯ. ನಿಮ್ಮ ಭಾಷಣದಲ್ಲಿ ಒಂದೇ ಒಂದು ಸಂಖ್ಯೆ ಹೇಳುವುದಾದರೆ ಇಂಥದ್ದನ್ನು ಹೇಳಿ, ‘ಕನಿಷ್ಠ’ವನ್ನು ಬಿಡಬೇಡಿ.

ತೊಂದರೆ ಏನೆಂದರೆ, ಗಡಿಯ ಪಾಕಿಸ್ತಾನದ ಬದಿಯಲ್ಲಿ ಹೀಗೆ ಎಣಿಸುವ ವಿಶ್ವಸಂಸ್ಥೆಯ ಕಚೇರಿ ಇಲ್ಲ. ಪತ್ರಕರ್ತರಿಗೆ ಅಲ್ಲಿ ಓಡಾಡುವುದು ಕಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಖೈಬರ್ ಜಿಲ್ಲೆಯ ತಿರಾಹ್ ಕಣಿವೆಯ ಹಳ್ಳಿಯೊಂದರಲ್ಲಿ ಸ್ಫೋಟವಾಗಿ 20ಕ್ಕೂ ಹೆಚ್ಚು ಜನ ಸತ್ತರು. ವಿಮಾನಗಳು ಬಾಂಬ್ ಹಾಕಿದವು ಎಂದು ಊರಿನವರು ಹೇಳಿದರು. ಉಗ್ರರು ಕೂಡಿಟ್ಟ ಸ್ಫೋಟಕ ಸಿಡಿಯಿತು ಎಂದು ಪೊಲೀಸರು ಹೇಳಿದರು. ಇದು ಪಾಕಿಸ್ತಾನದ ಒಳಗೇ ನಡೆದದ್ದು. ಹೊರಗಿನವರು ಬಂದು ಎಣಿಸದಿದ್ದರೆ ಸತ್ತವರ ಕಥೆ ಹೀಗೇ ಎರಡು ಬಾಯಲ್ಲಿ ಉಳಿದುಬಿಡುತ್ತದೆ.

2025ರ ಅಕ್ಟೋಬರ್ 17ರ ದಾಳಿಯ ಬಗ್ಗೆ ಒಂದು ಮಾತು. ಪಕ್ತಿಕಾದ ಉರ್ಗೂನ್‌ನಲ್ಲಿ ಮೂವರು ಸ್ಥಳೀಯ ಕ್ರಿಕೆಟ್ ಆಟಗಾರರು ಸತ್ತರು ಎಂದು ಅಫ್ಘಾನಿಸ್ತಾನ ಕ್ರಿಕೆಟ್ ಮಂಡಳಿ ಹೇಳಿತು. ಪಕ್ಕದ ಶರಾನಾದಲ್ಲಿ ಸ್ನೇಹಕ್ಕೆ ಆಡಿದ ಪಂದ್ಯ ಮುಗಿಸಿ ಊರಿಗೆ ಬಂದಿದ್ದ ಹುಡುಗರು. ಹಾಫಿಜ್ ಗುಲ್ ಬಹಾದೂರ್ ಎಂಬ ಉಗ್ರನ ಗುಂಪಿನ ಶಿಬಿರಗಳಿಗೆ ಹೊಡೆದೆವು, ನಾಗರಿಕರು ಸತ್ತಿಲ್ಲ ಎಂದು ಪಾಕಿಸ್ತಾನ ಹೇಳಿತು. ಪಾಕಿಸ್ತಾನದಲ್ಲಿ ಆಡಬೇಕಿದ್ದ ತ್ರಿಕೋನ ಸರಣಿಯಿಂದ ಅಫ್ಘಾನಿಸ್ತಾನ ಹಿಂದೆ ಸರಿಯಿತು. ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು 2018ರ ಜೂನ್‌ನಲ್ಲಿ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ. ಆ ದಿನ ಗ್ಯಾಲರಿಯಲ್ಲಿ ಕೂತು ಅವರಿಗೂ ಚಪ್ಪಾಳೆ ತಟ್ಟಿದ ಕನ್ನಡಿಗರು ಎಷ್ಟೋ ಜನ. ಉರ್ಗೂನ್‌ನಂಥ ಊರಿನ ಹುಡುಗರ ಕನಸು ಅಂಥ ಮೈದಾನವೇ ಅಲ್ವಾ.

ಕಾನೂನಿಗೆ ಬರೋಣ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಚರ್ಚೆಗಳಲ್ಲಿ ಎಲ್ಲರೂ ಅವನ್ನು ಕಲಸಿಬಿಡುತ್ತಾರೆ. ಮೊದಲನೆಯದು, ಗಡಿ ದಾಟಿ ಹೊಡೆಯಬಹುದೇ? ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಬೇರೆ ದೇಶದ ಮೇಲೆ ಬಲ ಬಳಸಬೇಡಿ ಎನ್ನುತ್ತದೆ. 51ನೇ ವಿಧಿ, ಸಶಸ್ತ್ರ ದಾಳಿಯಾದರೆ ನಿಮ್ಮನ್ನು ನೀವು ಕಾಪಾಡಿಕೊಳ್ಳಬಹುದು, ಆದರೆ ತಕ್ಷಣ ಭದ್ರತಾ ಮಂಡಳಿಗೆ ತಿಳಿಸಿ ಎನ್ನುತ್ತದೆ. ದಾಳಿ ಮಾಡಿದ್ದು ಸರ್ಕಾರವಲ್ಲ, ಒಂದು ಗುಂಪು ಅಂದಾಗ ಏನು ಮಾಡಬೇಕು? ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾಂಗೋದಲ್ಲಿದ್ದ ಬಂಡುಕೋರರು ನಮ್ಮ ಮೇಲೆ ದಾಳಿ ಮಾಡುತ್ತಾರೆ, ಅದಕ್ಕೇ ಒಳಗೆ ಹೋದೆವು ಎಂದು ಉಗಾಂಡ ವಾದಿಸಿತು. ಆ ದಾಳಿಗಳನ್ನು ಕಾಂಗೋ ಸರ್ಕಾರದ ಕೆಲಸ ಎನ್ನಲಾಗದು ಎಂದು 2005ರಲ್ಲಿ ನ್ಯಾಯಾಲಯ ಆ ವಾದ ಒಪ್ಪಲಿಲ್ಲ. ಇನ್ನೊಂದು ಕಡೆ, ಪಕ್ಕದ ಸರ್ಕಾರಕ್ಕೆ ಉಗ್ರರನ್ನು ತಡೆಯಲು ಮನಸ್ಸಿಲ್ಲದಿದ್ದರೆ ಅಥವಾ ಶಕ್ತಿ ಇಲ್ಲದಿದ್ದರೆ ನಾವೇ ಹೊಡೆಯಬಹುದು ಎಂಬ ವಾದವೂ ಇದೆ. 2014ರಲ್ಲಿ ಸಿರಿಯಾದಲ್ಲಿ ಐಸಿಸ್ ವಿರುದ್ಧ ಹೋಗುವಾಗ ಅಮೆರಿಕ ಇದನ್ನೇ ಹೇಳಿತು. ಎಲ್ಲ ದೇಶಗಳೂ ಒಪ್ಪಿದ ನಿಯಮ ಇದಲ್ಲ.

ಎರಡನೆಯದು, ಹೇಗೆ ಹೊಡೆದಿರಿ? ಹೋರಾಡುವವನನ್ನೂ ಹೋರಾಡದವನನ್ನೂ ಬೇರೆ ಮಾಡಿ ನೋಡಿದಿರಾ? ಒಬ್ಬ ಉಗ್ರನನ್ನು ಕೊಲ್ಲುವ ಲಾಭಕ್ಕೆ ಹೋಲಿಸಿದರೆ ಅಲ್ಲಿ ಸಾಯುವ ನಾಗರಿಕರ ಸಂಖ್ಯೆ ವಿಪರೀತವಾಗಲಿಲ್ಲವೇ? ಮನೆಯಲ್ಲಿ ಯಾರ್‍ಯಾರು ಮಲಗಿದ್ದಾರೆ ಎಂದು ತಿಳಿಯಲು ಆದಷ್ಟು ಪ್ರಯತ್ನ ಮಾಡಿದಿರಾ? ಮೊದಲ ಪ್ರಶ್ನೆಯಲ್ಲಿ ನೀವು ಗೆದ್ದರೂ ಎರಡನೆಯದರಲ್ಲಿ ಸೋಲಬಹುದು. ಎದುರಿನವರು ನಮ್ಮ ಮಕ್ಕಳನ್ನು ಕೊಂದರು ಎಂಬುದು ಮೊದಲನೆಯದಕ್ಕೆ ಉತ್ತರವಾಗಬಹುದು. ಎರಡನೆಯದಕ್ಕೆ ಎಂದಿಗೂ ಆಗುವುದಿಲ್ಲ. ಪೇಶಾವರದ ಮಕ್ಕಳ ಸಾವಿಗೆ ಬರ್ಮಲ್‌ನ ಮಕ್ಕಳು ಸಾಲಗಾರರಲ್ಲ.

ಚರ್ಚೆಯಲ್ಲಿ ಯಾರಾದರೂ ಎದ್ದು ‘ಭಾರತ ಮಾಡಿದ್ದು?’ ಎಂದು ಕೇಳೇ ಕೇಳುತ್ತಾರೆ. ತಯಾರಾಗಿರಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರಂದು ಭಾರತ ಒಂಬತ್ತು ಕಡೆ ಹೊಡೆಯಿತು, ಉಗ್ರರ ನೆಲೆಗಳಿಗೆ ಮಾತ್ರ ಎಂದಿತು. ನಾಗರಿಕರು ಸತ್ತರು ಎಂದು ಪಾಕಿಸ್ತಾನ ಹೇಳಿತು. ಆ ಕಡೆಯ ಶೆಲ್ ದಾಳಿಗೆ ಪೂಂಛ್‌ನಲ್ಲಿ ನಮ್ಮ ಜನ, ಮಕ್ಕಳು ಸೇರಿ, ಸತ್ತರು. ಮೇ ತಿಂಗಳಲ್ಲಿ ‘ನಮ್ಮ ಸಾರ್ವಭೌಮತ್ವ ಮುರಿದರು’ ಎಂದ ಪಾಕಿಸ್ತಾನ, ಅಕ್ಟೋಬರ್‌ನಲ್ಲಿ ತಾನು ಕಾಬೂಲ್‌ಗೆ ಹೇಳಿದ್ದು ಹೆಚ್ಚೂಕಮ್ಮಿ ಭಾರತದ ವಾದವನ್ನೇ. ನಮ್ಮದನ್ನೂ ನೋಡಿಕೊಳ್ಳಬೇಕು. 2024ರ ಜನವರಿಯಲ್ಲಿ ಇರಾನ್ ಪಾಕಿಸ್ತಾನಕ್ಕೆ ಹೊಡೆದಾಗ, ದೇಶಗಳು ಸ್ವರಕ್ಷಣೆಗೆ ಮಾಡುವುದು ನಮಗೆ ಅರ್ಥವಾಗುತ್ತದೆ ಎಂಬರ್ಥದಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಮಾತಾಡಿತು. 2025ರ ಜನವರಿಯಲ್ಲಿ ಬರ್ಮಲ್ ದಾಳಿಯನ್ನು ಖಂಡಿಸಿತು. ದೇಶಗಳು ಹೀಗೆ ಅಳತೆಗೋಲು ಬದಲಿಸುತ್ತವೆ. ನೀವು ವೇದಿಕೆಯ ಮೇಲೆ ಬದಲಿಸಬೇಡಿ. ಎರಡು ಪ್ರಶ್ನೆಗಳನ್ನೂ ಎಲ್ಲರಿಗೂ ಕೇಳಿ, ನಮಗೂ ಕೇಳಿ.

ಕೊನೆಯದಾಗಿ, ಹಾವಳಿ ಕಡಿಮೆಯಾಯಿತೇ? ಇಲ್ಲ. 2022ರ ಏಪ್ರಿಲ್ 16ರಂದು ಖೋಸ್ತ್ ಮತ್ತು ಕುನಾರ್ ಪ್ರಾಂತಗಳ ಮೇಲೆ ದಾಳಿಯಾಯಿತು. 20 ಮಕ್ಕಳು ಸತ್ತರು ಎಂದು ಯುನಿಸೆಫ್ ಹೇಳಿತು. ಅದಾದ ಮೇಲೆ 2023 ಮತ್ತು 2024 ಪಾಕಿಸ್ತಾನಕ್ಕೆ ಇನ್ನೂ ಕೆಟ್ಟ ವರ್ಷಗಳಾದವು. ಟಿಟಿಪಿ ನಾಯಕರನ್ನು ಕೊಂದರೂ ಸಂಘಟನೆ ಸಾಯಲಿಲ್ಲ. ಬೈತುಲ್ಲಾ 2009ರಲ್ಲಿ, ಹಕೀಮುಲ್ಲಾ 2013ರಲ್ಲಿ, ಫಜ್ಲುಲ್ಲಾ 2018ರಲ್ಲಿ ಅಮೆರಿಕದ ಡ್ರೋನ್‌ಗೆ ಬಲಿಯಾದರು. ನಂತರ ಬಂದ ನೂರ್ ವಲಿ ಮೆಹ್ಸೂದ್ ಒಡೆದುಹೋಗಿದ್ದ ಗುಂಪುಗಳನ್ನು ಮತ್ತೆ ಒಟ್ಟು ಮಾಡಿದ.

ಇರಾನ್ ಜೊತೆಗಿನ ಜಗಳ ಮಾತ್ರ ಬೇಗ ತಣ್ಣಗಾಯಿತು. ದಾಳಿ ನಡೆದು ಹತ್ತು ದಿನದಲ್ಲಿ ಎರಡೂ ಕಡೆಯ ರಾಯಭಾರಿಗಳು ವಾಪಸ್ ಬಂದರು, ಜನವರಿ ಮುಗಿಯುವ ಮೊದಲು ಇರಾನಿನ ವಿದೇಶಾಂಗ ಸಚಿವರು ಇಸ್ಲಾಮಾಬಾದ್‌ಗೆ ಹೋದರು. ಅಲ್ಲಿ ಎರಡು ಸರ್ಕಾರಗಳಿಗೂ ಆ ಉಗ್ರರ ಜೊತೆ ಹಳೆಯ ಋಣ ಇರಲಿಲ್ಲ. ಕಾಬೂಲ್‌ಗೆ ಇದೆ. ಆ ಗಂಟು ಬಾಂಬ್‌ನಿಂದ ಬಿಚ್ಚುವಂಥದ್ದಲ್ಲ. 2025ರ ಅಕ್ಟೋಬರ್ 19ರಂದು ಕತಾರ್ ಮತ್ತು ಟರ್ಕಿ ಸೇರಿ ದೋಹಾದಲ್ಲಿ ಕದನ ವಿರಾಮ ಮಾಡಿಸಿದವು. ಇಸ್ತಾಂಬುಲ್‌ನಲ್ಲಿ ಮುಂದುವರಿದ ಮಾತುಕತೆ ನವೆಂಬರ್‌ನಲ್ಲಿ ಮುರಿಯಿತು. ತೋರ್ಖಮ್, ಚಮನ್ ಎಂಬ ಗಡಿ ದಾಟುವ ಜಾಗಗಳು ಅಕ್ಟೋಬರ್‌ನ ಕಾಳಗದ ಹೊತ್ತಿಗೇ ಮುಚ್ಚಿದ್ದವು. ದ್ರಾಕ್ಷಿ, ದಾಳಿಂಬೆ ತುಂಬಿದ ಲಾರಿಗಳು ಸಾಲುಗಟ್ಟಿ ನಿಂತವು. ಪಾಕಿಸ್ತಾನದಲ್ಲಿ ಟೊಮೆಟೊ ಕಿಲೋಗೆ ಅಲ್ಲಿನ 600 ರೂಪಾಯಿವರೆಗೆ ಹೋಯಿತು. ನವೆಂಬರ್ 25ರ ನಸುಕಿನಲ್ಲಿ ಅದೇ ಗುರ್ಬುಜ್‌ನಲ್ಲಿ ಒಂದು ಮನೆ ಉರುಳಿ ಒಂಬತ್ತು ಮಕ್ಕಳು, ಒಬ್ಬ ಹೆಂಗಸು ಸತ್ತರು ಎಂದು ತಾಲಿಬಾನ್ ಹೇಳಿತು. ನಾವು ಹೊಡೆದೇ ಇಲ್ಲ ಎಂದು ಪಾಕಿಸ್ತಾನ ಹೇಳಿತು.

ನಿಮ್ಮ ಉಪನ್ಯಾಸಕರು ಒಪ್ಪಿದರೆ ವಿಷಯದ ಮಾತನ್ನು ಸ್ವಲ್ಪ ಬದಲಿಸಿ ನೋಡಿ. ‘ಹೊಡೆಯುವುದು ಸರಿಯೇ?’ ಎಂದು ಕೇಳಿದರೆ ಸಭೆ ಎರಡು ಪಾಲಾಗುತ್ತದೆ, ಅಷ್ಟೆ. ‘ಹೊಡೆದ ಮೇಲೆ ಸತ್ತವರು ಯಾರೆಂದು ಹೇಳುವ ಹೊಣೆ ಯಾರದು?’ ಎಂದು ಕೇಳಿ. ಅದಕ್ಕೆ ಪರವಾಗಿ ಮಾತಾಡುವವರೂ ವಿರೋಧವಾಗಿ ಮಾತಾಡುವವರೂ ಉತ್ತರ ಕೊಡಬೇಕಾಗುತ್ತದೆ. ನಕ್ಷೆ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ. ಬರ್ಮಲ್ ಮತ್ತು ವಜೀರಿಸ್ತಾನದ ನಡುವೆ ಎಷ್ಟು ಜಾಗ ಇದೆ ಎಂದು ಬೆರಳಿಟ್ಟು ತೋರಿಸಿ.